ಬಿದ್ದಿಲ್ಲ, ಕಾಲು ಜಾರಿತು ಅಷ್ಟೆ

ನನ್ನ ಮಗನಿಗೆ ಒಂಬತ್ತು ವರ್ಷ. ಅವನ ಕನ್ನಡ ನಿಮ್ಮ ಮನೆಯ ಮಕ್ಕಳ ಕನ್ನಡದ ಹಾಗೇ ಇದೆ. ಎಲ್ಲವೂ ಅರ್ಥವಾಗುತ್ತದೆ, ಮಾತಾಡುವಾಗ ಮಾತ್ರ ಅರ್ಧದಲ್ಲಿ ಇಂಗ್ಲಿಷ್ ಬಂದು ಸೇರಿಕೊಳ್ಳುತ್ತದೆ. ತಾತನಿಗೆ "ಬಾ, ಊಟ ಮಾಡು" ಎನ್ನುತ್ತಾನೆ. "ಬನ್ನಿ, ಊಟ ಮಾಡಿ" ಎಂದು ತಿದ್ದಿದರೆ ಒಂದು ದಿನ ನೆನಪಿರುತ್ತದೆ. ಹಾಗಿರುವಾಗ ಕಳೆದ ಮಾರ್ಚಿನ ಒಂದು ಸಂಜೆ, ತಾತ ಯಾಕೋ ವಾಕಿಂಗ್‌ಗೆ ಬರುತ್ತಿಲ್ಲವಲ್ಲ ಎಂದು ನಾನು ಸುಮ್ಮನೆ ಹೇಳಿದ್ದಕ್ಕೆ ಅವನು ತಲೆ ಎತ್ತದೆ, "ತಾತ ಬಿದ್ದಿಲ್ಲಮ್ಮ, ಕಾಲು ಜಾರಿತು ಅಷ್ಟೆ" ಎಂದ.

ಬಿದ್ದರಾ ಎಂದು ನಾನು ಕೇಳಿರಲೇ ಇಲ್ಲ! ಜೊತೆಗೆ ಆ ವಾಕ್ಯವೂ ಅವನದಲ್ಲ. ಒಂದೂ ಇಂಗ್ಲಿಷ್ ಪದವಿಲ್ಲ, ತಪ್ಪಿಲ್ಲ, ಅಚ್ಚ ಹಾಸನದ ಧಾಟಿ. ಯಾರೋ ಹೇಳಿಕೊಟ್ಟು ಗಟ್ಟಿ ಮಾಡಿಸಿದ ಮಾತು ಎಂದು ಯಾರಿಗಾದರೂ ಗೊತ್ತಾಗುವಂತಿತ್ತು.

ನಮ್ಮ ಮಾವನಿಗೆ ಎಪ್ಪತ್ತೆಂಟು. ಅತ್ತೆ ತೀರಿಕೊಂಡ ಮೇಲೆ ಅವರು ಮೂರು ತಿಂಗಳು ಸ್ಯಾನ್ ಡಿಯಾಗೊದಲ್ಲಿ ನಮ್ಮ ಜೊತೆ, ಮೂರು ತಿಂಗಳು ಲಾಸ್ ಏಂಜಲೀಸ್ ಕಡೆ ಟಾರೆನ್ಸ್‌ನಲ್ಲಿ ನಮ್ಮ ನಾದಿನಿಯ ಮನೆಯಲ್ಲಿ ಇರುತ್ತಾರೆ. ಎರಡು ಗಂಟೆಯ ದಾರಿ, ಟ್ರಾಫಿಕ್ ಇಲ್ಲದಿದ್ದರೆ. ಫೆಬ್ರವರಿಯ ಲಾಂಗ್ ವೀಕೆಂಡಿಗೆ ನಾವು ಅಲ್ಲಿಗೆ ಹೋಗಿದ್ದಾಗ ತಾತ ಮೊಮ್ಮಗ ಒಂದೇ ಕೋಣೆಯಲ್ಲಿ ಮಲಗಿದ್ದರು. ರಾತ್ರಿ ಎರಡು ಗಂಟೆಗೆ ಬಾತ್‌ರೂಮಿಗೆ ಎದ್ದವರು ದೀಪ ಹಾಕಲಿಲ್ಲ, ಮಗು ಏಳಬಾರದೆಂದು. ಟಬ್ಬಿನ ಅಂಚಿಗೆ ಕಾಲು ತಗುಲಿ ಕೂತ ಹಾಗೆ ನೆಲಕ್ಕೆ ಬಿದ್ದರು. ಸದ್ದಿಗೆ ಮಗು ಎದ್ದೇಬಿಟ್ಟಿತು. ಇಬ್ಬರೂ ಸೇರಿ ಒಪ್ಪಂದ ಮಾಡಿಕೊಂಡರು: ಅತ್ತೆಗೂ ಹೇಳಬಾರದು, ಅಮ್ಮನಿಗೂ ಹೇಳಬಾರದು.

ಮರುದಿನ ನಾವೇ ಅವರನ್ನು ಕರೆದುಕೊಂಡು ಬಂದೆವು. ಬೆನ್ನು ನೋವು ಶುರುವಾದಾಗ ಕಾರಿನಲ್ಲಿ ಕೂತದ್ದಕ್ಕೆ ಎಂದರು. ನಾಲ್ಕು ದಿನ ಕಾದು ಅರ್ಜೆಂಟ್ ಕೇರ್‌ಗೆ ಕರೆದೊಯ್ದೆ. ಅಲ್ಲಿ ನಾನು ಕಾರು ನಿಲ್ಲಿಸಿ ಬರುವಷ್ಟರಲ್ಲಿ ನರ್ಸ್ ಒಳಗೆ ಕರೆದಾಗಿತ್ತು, ಮಗ ಅನುವಾದ ಮಾಡಿ ಮುಗಿಸಿದ್ದ. "ಸೊಂಟ ಹಿಡ್ಕೊಂಡಿದೆ" ಎಂದು ತಾತ ಹೇಳಿದ್ದು "ಹಿಸ್ ವೇಸ್ಟ್ ಈಸ್ ಹೋಲ್ಡಿಂಗ್" ಆಗಿತ್ತು. ಬಿದ್ದಿದ್ದರೇ ಎಂದು ನರ್ಸ್ ಕೇಳಿದ್ದಕ್ಕೆ ತಾತ "ಇಲ್ಲ ಅಂತ ಹೇಳು" ಎಂದಿದ್ದಾರೆ, ಅವನು "ನೋ" ಎಂದಿದ್ದಾನೆ. ಸ್ನಾಯು ಸೆಳೆತ ಎಂದು ಬರೆದುಕೊಟ್ಟು ಕಳಿಸಿದರು. ಅವರನ್ನು ದೂರಿ ಫಲವಿಲ್ಲ. ಸುಳ್ಳು ಹೇಳಿದ್ದು ನಮ್ಮ ಮನೆಯವರು, ಮಗುವನ್ನು ಮುಂದೆ ಬಿಟ್ಟವಳು ನಾನು.

ಮೂರು ವಾರವಾದರೂ ನೋವು ಹೋಗದೆ, ಆ ಅಚ್ಚ ಕನ್ನಡದ ವಾಕ್ಯ ಹೊರಬಿದ್ದ ಮೇಲೆ ಎಕ್ಸ್‌ರೇ ಆಯಿತು. ಬೆನ್ನುಮೂಳೆಯ ಒಂದು ಕಟ್ಟು ಕುಸಿದಿತ್ತು. ಕಂಪ್ರೆಷನ್ ಫ್ರಾಕ್ಚರ್ ಎನ್ನುತ್ತಾರೆ. ಅದರ ಮೇಲಿನ ಇನ್ನೊಂದು ಕಟ್ಟು ಬಹಳ ಹಿಂದೆಯೇ ಕುಸಿದು ತನ್ನಷ್ಟಕ್ಕೆ ಕೂಡಿಕೊಂಡಿತ್ತು. ಅದು ಯಾವಾಗ ಆದದ್ದೆಂದು ಮಾವನಿಗೇ ಗೊತ್ತಿಲ್ಲ.

ನಿಂತ ಎತ್ತರದಿಂದ ಬಿದ್ದರೆ ಗಟ್ಟಿ ಮೂಳೆ ಮುರಿಯಬಾರದು. ಮುರಿದರೆ ಮೂಳೆ ಸವೆದಿದೆ ಎಂದೇ ಲೆಕ್ಕ. ಆಸ್ಟಿಯೊಪೊರೋಸಿಸ್ ಎಂದರೆ ನಮಗೆ ಅಜ್ಜಿಯರು ನೆನಪಾಗುತ್ತಾರೆ, ಜಾಹೀರಾತಿನಲ್ಲೂ ಅವರೇ. ಆದರೆ ಐವತ್ತು ದಾಟಿದ ಗಂಡಸರಲ್ಲಿ ಐವರಿಗೆ ಒಬ್ಬರಂತೆ ಉಳಿದ ಆಯುಸ್ಸಿನಲ್ಲಿ ಇಂಥ ಮುರಿತ ಕಾಣುತ್ತಾರೆ ಎಂಬುದು ಅಂತರರಾಷ್ಟ್ರೀಯ ಆಸ್ಟಿಯೊಪೊರೋಸಿಸ್ ಫೌಂಡೇಶನ್ನಿನ ಲೆಕ್ಕ. ಹಿಪ್ ಮುರಿದವರಲ್ಲಿ ಒಂದು ವರ್ಷದೊಳಗೆ ತೀರಿಕೊಳ್ಳುವವರ ಪ್ರಮಾಣ ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ಇದನ್ನು ಹೆದರಿಸಲು ಬರೆಯುತ್ತಿಲ್ಲ. ನನಗೆ ಮೊದಲೇ ಗೊತ್ತಿದ್ದರೆ ಆ ನಾಲ್ಕು ದಿನ ಕಾಯುತ್ತಿರಲಿಲ್ಲ.

ಗಂಡಸರ ಮೂಳೆಯನ್ನು ಕೂತು ಗಮನಿಸಿದ ಊರುಗಳಲ್ಲಿ ನಮ್ಮ ಸ್ಯಾನ್ ಡಿಯಾಗೊ ಕೂಡ ಒಂದು ಎಂಬುದು ನನಗೆ ಆಮೇಲೆ ತಿಳಿಯಿತು. ಐ-15 ರಸ್ತೆಯಲ್ಲಿ ನಾವು ದಿನವೂ ದಾಟುವ ರ‍್ಯಾಂಚೊ ಬರ್ನಾರ್ಡೊ ಇದೆಯಲ್ಲ, ಅಲ್ಲಿ 1972ರಲ್ಲಿ ಡಾ. ಎಲಿಜಬೆತ್ ಬ್ಯಾರೆಟ್-ಕಾನರ್ ಒಂದು ಅಧ್ಯಯನ ಆರಂಭಿಸಿದರು. ಆರು ಸಾವಿರಕ್ಕೂ ಹೆಚ್ಚು ನಿವಾಸಿಗಳು ಸೇರಿದ್ದರು. ಹೃದಯದ ಕಾಯಿಲೆ ನೋಡಲೆಂದು ಹೊರಟದ್ದು ದಶಕಗಟ್ಟಲೆ ನಡೆದು ಮೂಳೆಯವರೆಗೂ ಬಂತು. ಮುಂದೆ 2000ದಲ್ಲಿ ಅಮೆರಿಕದ ಆರು ಊರುಗಳಲ್ಲಿ 65 ದಾಟಿದ 5,994 ಗಂಡಸರನ್ನು ಸೇರಿಸಿಕೊಂಡು 'ಮಿಸ್ಟರ್ ಓಸ್' ಎಂಬ ಅಧ್ಯಯನ ಶುರುವಾದಾಗ ಸ್ಯಾನ್ ಡಿಯಾಗೊ ಕೇಂದ್ರವೂ ಆ ಆರರಲ್ಲಿತ್ತು. ಮೂಳೆ ಎಷ್ಟು ಸಾಂದ್ರ ಎಂಬುದಷ್ಟೇ ಅಲ್ಲ, ಕಾಲಿನ ಬಲ, ಕೈಯ ಹಿಡಿತ, ಕೈ ಊರದೆ ಕುರ್ಚಿಯಿಂದ ಏಳುವ ಶಕ್ತಿ ಇವೂ ಬೀಳುವುದನ್ನು, ಮುರಿಯುವುದನ್ನು ಮುನ್ಸೂಚಿಸುತ್ತವೆ ಎಂದು ಅದರಿಂದ ಸ್ಪಷ್ಟವಾಯಿತು. ಸೇರಿದವರಲ್ಲಿ ಹೆಚ್ಚಿನವರು ಬಿಳಿಯರು.  ಕುರ್ಚಿಯಿಂದ ಏಳುವುದಕ್ಕೆ ಜನಾಂಗ ಬೇಕಿಲ್ಲ ಎಂದುಕೊಂಡು ನಾನು ಅದನ್ನು ಹಾಗೇ ತೆಗೆದುಕೊಂಡೆ.

ಇಷ್ಟಾದರೂ ಗಂಡಸರಿಗೆ ಮೂಳೆ ಪರೀಕ್ಷೆ ಯಾಕೆ ಮಾಡಿಸುವುದಿಲ್ಲ? ತಪಾಸಣೆಗಳ ಬಗ್ಗೆ ಸಲಹೆ ಕೊಡುವ ಅಮೆರಿಕದ ಟಾಸ್ಕ್ ಫೋರ್ಸ್ 65 ದಾಟಿದ ಎಲ್ಲ ಹೆಂಗಸರಿಗೂ ಡೆಕ್ಸಾ ಸ್ಕ್ಯಾನ್ ಆಗಬೇಕು ಎನ್ನುತ್ತದೆ. ಗಂಡಸರ ವಿಷಯದಲ್ಲಿ ಹೌದು ಅಥವಾ ಅಲ್ಲ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು 2018ರಲ್ಲೂ ಹೇಳಿತು, 2025ರಲ್ಲೂ ಅದನ್ನೇ ಹೇಳಿತು. ಪುರಾವೆ ಸಾಲದು ಎಂದರೆ ಪರೀಕ್ಷೆ ಬೇಡ ಎಂದಲ್ಲ. ಎಂಡೊಕ್ರೈನ್ ಸೊಸೈಟಿಯಂಥ ತಜ್ಞರ ಸಂಘಗಳು 70 ದಾಟಿದ ಗಂಡಸರಿಗೆ ಮಾಡಿಸಿ ಎನ್ನುತ್ತವೆ. ಡಾಕ್ಟರು ತಾವಾಗಿ ಬರೆಯುವ ಸಾಧ್ಯತೆ ಕಡಿಮೆಯಾದ್ದರಿಂದ ನಾವೇ ಬಾಯಿಬಿಟ್ಟು ಕೇಳಬೇಕು. ಮೆಡಿಕೇರ್ ಇರುವವರು ಇನ್ನೊಂದು ತಿಳಿದಿರಲಿ: ಗಂಡಸರಿಗೆ ವಯಸ್ಸಾಗಿದೆ ಎಂಬುದೊಂದೇ ಕಾರಣಕ್ಕೆ ಅದು ಈ ಸ್ಕ್ಯಾನಿನ ಹಣ ಕೊಡುವುದಿಲ್ಲ. ಎಕ್ಸ್‌ರೇಯಲ್ಲಿ ಬೆನ್ನುಮೂಳೆ ಕುಸಿದದ್ದು ಕಂಡಿದ್ದರೆ, ಸ್ಟೀರಾಯ್ಡ್ ಮಾತ್ರೆಗಳನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿದ್ದರೆ ಕೊಡುತ್ತದೆ. ಉಬ್ಬಸಕ್ಕೆ, ಸಂಧಿವಾತಕ್ಕೆ ಊರಿನ ಡಾಕ್ಟರು ಕೊಟ್ಟ ಮಾತ್ರೆ ಸ್ಟೀರಾಯ್ಡೇ ಎಂಬುದು ಅನೇಕ ಹಿರಿಯರಿಗೆ ಗೊತ್ತೇ ಇರುವುದಿಲ್ಲ. ಹಳೆಯ ಚೀಟಿ ತೆಗೆಸಿ ನೋಡಿ. ಪ್ರಾಸ್ಟೇಟ್ ಕ್ಯಾನ್ಸರಿಗೆ ಹಾರ್ಮೋನ್ ತಡೆಯುವ ಇಂಜೆಕ್ಷನ್ ಪಡೆದವರಿಗೂ ಮೂಳೆ ಬೇಗ ಸವೆಯುತ್ತದೆ.

ಇನ್ನೊಂದು ಗುರುತು ನಮ್ಮ ಮನೆಯ ಬಾಗಿಲ ಚೌಕಟ್ಟಿನ ಮೇಲೇ ಇತ್ತು. ಮಗನ ಎತ್ತರವನ್ನು ವರ್ಷಕ್ಕೊಮ್ಮೆ ಪೆನ್ಸಿಲಿನಲ್ಲಿ ಗುರುತು ಹಾಕುವಾಗ ಒಂದು ಸಲ ತಮಾಷೆಗೆ ತಾತನದ್ದನ್ನೂ ಹಾಕಿದ್ದೆವು. ಮೊನ್ನೆ ಅಲ್ಲೇ ನಿಲ್ಲಿಸಿದರೆ ಗೆರೆ ತಲೆಗಿಂತ ಸುಮಾರು ಮೇಲಿದೆ. ಹರೆಯದಲ್ಲಿದ್ದ ಎತ್ತರಕ್ಕಿಂತ ಒಂದೂವರೆ ಇಂಚಿನಷ್ಟು ಕುಗ್ಗಿದ್ದರೆ ಬೆನ್ನುಮೂಳೆಯ ಎಕ್ಸ್‌ರೇ ಮಾಡಿಸಬೇಕು ಎನ್ನುತ್ತಾರೆ. ಹಳೆಯ ಪಾಸ್‌ಪೋರ್ಟಿನಲ್ಲಿ, ಸರ್ವಿಸ್ ರಿಜಿಸ್ಟರಿನಲ್ಲಿ ಎತ್ತರ ಬರೆದಿರುತ್ತಿತ್ತು. ನಮ್ಮ ಮಾವ ಪಿಡಬ್ಲ್ಯುಡಿಯಲ್ಲಿದ್ದವರು, ಅವರಿಗೆ ತಮ್ಮ ಎತ್ತರ ಇಂದಿಗೂ ಬಾಯಿಪಾಠ. ಬಾಗಿಲ ಗೆರೆಯೇ ಓರೆಯಾಗಿದೆ ಎಂದು ಒಂದು ದಿನವೆಲ್ಲ ವಾದಿಸಿದರು.

ಈಗ ಭಾಷೆಯ ವಿಷಯಕ್ಕೆ ಬರುತ್ತೇನೆ, ಈ ಅಂಕಣದ ಕೆಲಸ ಅದೇ ಅಲ್ಲವೇ. ಆ ಅರ್ಜೆಂಟ್ ಕೇರ್‌ನಲ್ಲಿ ಮಗ ಮಾಡಿದ ತಪ್ಪನ್ನು ನಾನೂ ಮಾಡುತ್ತಿದ್ದೆನೇನೋ. ಸೊಂಟ ಎಂದರೆ ನಮಗೆ ನಡುವೂ ಹೌದು, ಕೆಳಬೆನ್ನೂ ಹೌದು, ಬದಿಯ ಮೂಳೆಯೂ ಹೌದು. ಇಂಗ್ಲಿಷಿನಲ್ಲಿ ಅವು ಮೂರು ಬೇರೆ ಬೇರೆ ಜಾಗ, ಮೂರು ಬೇರೆ ಬೇರೆ ಎಕ್ಸ್‌ರೇ. ಹಿಪ್ ಮುರಿದರೆ ನೋವು ಕಾಣುವುದು ತೊಡೆಸಂದಿನಲ್ಲಿ, ಅದನ್ನು ಹೇಳಲು ಹಿರಿಯರಿಗೆ ನಾಚಿಕೆ. ಕಾಲು ಎಂದರೆ ಪಾದವೋ ತೊಡೆಯೋ ಕೇಳಬೇಕು. ತಲೆಸುತ್ತು ಎಂಬ ಒಂದೇ ಮಾತಿನೊಳಗೆ ಕೋಣೆ ಗಿರ್ರನೆ ತಿರುಗುವುದೂ ಇದೆ, ಎದ್ದ ಕೂಡಲೇ ಕಣ್ಣು ಕತ್ತಲಿಡುವುದೂ ಇದೆ. ಮೊದಲನೆಯದು ಕಿವಿಯ ತೊಂದರೆ ಇರಬಹುದು. ಎರಡನೆಯದು ಬಿಪಿ ಇಳಿದದ್ದಿರಬಹುದು, ಮಾತ್ರೆಯ ಕಾರಣವೂ ಇರಬಹುದು. ಡಾಕ್ಟರು ಹಿಡಿಯುವ ದಾರಿಯೇ ಬೇರೆಯಾಗುತ್ತದೆ. ಈಗ ನಮ್ಮ ಮನೆಯಲ್ಲಿ ನೋವಿನ ಜಾಗವನ್ನು ಬೆರಳಿಟ್ಟು ತೋರಿಸುವುದು ಕಡ್ಡಾಯ. ಮಗನಿಗೆ ಇದರಿಂದ ಜೋಮು, ಉಳುಕು, ಚಳುಕು, ಮಂಡಿಚಿಪ್ಪು, ಹರಡು ಇಷ್ಟು ಪದ ಸಿಕ್ಕಿವೆ. ಶನಿವಾರದ ಕನ್ನಡ ತರಗತಿಯಲ್ಲಿ ಇವು ಬರುವುದಿಲ್ಲ.

ಆದರೆ ಮಗುವನ್ನು ದುಭಾಷಿ ಮಾಡಬೇಡಿ. ತುರ್ತು ಹೊತ್ತಿನಲ್ಲಿ ಬೇರೆ ಯಾರೂ ಸಿಗದಿದ್ದರೆ ಆ ಕ್ಷಣಕ್ಕೆ ಮಾತ್ರ, ಇಲ್ಲದಿದ್ದರೆ ಚಿಕ್ಕ ಮಕ್ಕಳಿಂದ ಅನುವಾದ ಮಾಡಿಸಬಾರದು ಎಂದು ಇಲ್ಲಿನ ಫೆಡರಲ್ ನಿಯಮವೇ ಇದೆ. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ "ಕನ್ನಡ ಇಂಟರ್‌ಪ್ರಿಟರ್" ಎಂದು ಹೇಳಿ, ಫೋನಿನಲ್ಲಿ ಕೊಡಿಸುತ್ತಾರೆ. ಹಿಂದಿ ಸಾಕಲ್ಲವೇ ಎಂದು ಕೇಳಿದರೆ ಸಾಲದು ಎನ್ನಿ. ಸೊಸೆಯೂ ಒಳ್ಳೆಯ ದುಭಾಷಿಯಲ್ಲ ಎಂದು ನನಗೆ ಆಮೇಲೆ ಹೊಳೆಯಿತು. ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತೀರಿ ಎಂಬುದಕ್ಕೆ ಮಾವ ನನ್ನ ಮುಂದೆ "ಒಂದು ಸಲ" ಎಂದರು. ದುಭಾಷಿ ಗಂಡಸಿನ ದನಿ ಕೇಳಿದ ಮೇಲೆ, ನಾನು ಹೊರಗೆ ಹೋದ ಮೇಲೆ, ಅದು ನಾಲ್ಕಾಯಿತು.

ಆ ನಾಲ್ಕೇ ಮುಖ್ಯವಾದದ್ದು. ಪ್ರಾಸ್ಟೇಟ್ ದೊಡ್ಡದಾದವರಿಗೆ ಕೊಡುವ ಟ್ಯಾಮ್ಸುಲೋಸಿನ್ ಮಾತ್ರೆ ಎದ್ದು ನಿಂತಾಗ ಬಿಪಿ ಇಳಿಸಬಹುದು. ಜೊತೆಗೆ ಬಿಪಿಯ ಮಾತ್ರೆ ಬೇರೆ ಇರುತ್ತದೆ. ಅದರ ಮೇಲೆ ನಿದ್ದೆ ಬರಲಿ ಎಂದು ಅಂಗಡಿಯಿಂದ ತಂದ 'ಪಿಎಂ' ಎಂದು ಬರೆದ ನೋವಿನ ಮಾತ್ರೆ. ಅದರಲ್ಲಿರುವ ಡೈಫೆನ್‌ಹೈಡ್ರಮೀನ್ ಹಿರಿಯರಿಗೆ ಮಂಪರು, ಗೊಂದಲ ತರುತ್ತದೆ. ವಯಸ್ಸಾದವರಿಗೆ ಕೊಡದಿರುವುದೇ ಒಳ್ಳೆಯದು ಎಂಬ ಪಟ್ಟಿಯಲ್ಲಿ ಅದು ಇದೆ. ಜೆಟ್ ಲ್ಯಾಗಿಗೆಂದು ನಾವೇ ಎಷ್ಟು ಜನ ಅಪ್ಪ ಅಮ್ಮಂದಿರಿಗೆ ಅದನ್ನು ಕೊಟ್ಟಿದ್ದೇವೆ! ನಾನೂ ಕೊಟ್ಟಿದ್ದೆ. ಎಲ್ಲ ಮಾತ್ರೆಗಳನ್ನು ಒಂದು ಚೀಲದಲ್ಲಿ ತುಂಬಿ, ಊರಿನವು, ಆಯುರ್ವೇದದವು ಸೇರಿಸಿ ಡಾಕ್ಟರ ಮೇಜಿನ ಮೇಲೆ ಸುರಿದೆವು. ಎರಡು ಕಡಿಮೆಯಾದವು. ರಾತ್ರಿ ಏಳುವಾಗ ಮೊದಲು ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು, ಕಾಲಾಡಿಸಿ, ಆಮೇಲೆ ಏಳಬೇಕು ಎಂದರು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಬಿದ್ದು ತಲೆಗೆ ಏಟಾದರೆ, ಏನೂ ಅನ್ನಿಸದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಬಾತ್‌ರೂಮು ನಮ್ಮವರಿಗೆ ಇಲ್ಲಿ ನಿಜವಾದ ಶತ್ರು. ಊರಿನ ಬಚ್ಚಲಲ್ಲಿ ನೆಲ ಒದ್ದೆ ಇದ್ದರೂ ಸಮತಟ್ಟು, ಕೂತು ಚೊಂಬಿನಲ್ಲಿ ಸ್ನಾನ. ಇಲ್ಲಿ ನುಣುಪಾದ ಟಬ್ಬಿನ ಗೋಡೆ ದಾಟಿ ಒಂದೇ ಕಾಲ ಮೇಲೆ ನಿಂತು ಒಳಗೆ ಹೋಗಬೇಕು. ಮಾವ ಹಿಡಿದುಕೊಳ್ಳುತ್ತಿದ್ದದ್ದು ಟವಲ್ ಹಾಕುವ ಸರಳನ್ನು, ಅದು ಬಿಚ್ಚಿಬರುವಂಥದು. ಗ್ರ್ಯಾಬ್ ಬಾರನ್ನು ಗೋಡೆಯ ಒಳಗಿನ ಮರಕ್ಕೆ ಸ್ಕ್ರೂ ಹೊಡೆದು ಹಾಕಿಸಬೇಕು. ಗಾಳಿ ಹೀರಿ ಅಂಟುವ ಕಪ್ಪಿನದ್ದನ್ನು ನಂಬಬೇಡಿ. ನಾವು ಟಬ್ಬಿನಲ್ಲಿ ಶವರ್ ಕುರ್ಚಿ ಇಟ್ಟು, ಕೈಯಲ್ಲಿ ಹಿಡಿಯುವ ಶವರ್ ಹಾಕಿಸಿದೆವು. ಮಾವನಿಗೆ ಅದೂ ಒಪ್ಪಿಗೆಯಾಗದೆ ಕುರ್ಚಿಯ ಪಕ್ಕ ಬಕೆಟ್ಟು ಚೊಂಬು ಬಂದವು. ಈಗ ಎಲ್ಲರಿಗೂ ಸಮಾಧಾನ. ನಡೆದರೆ ತಾನೇ ಹತ್ತಿಕೊಳ್ಳುವ ಪುಟ್ಟ ದೀಪಗಳು ಮಂಚದಿಂದ ಬಾತ್‌ರೂಮಿನವರೆಗೆ ಮೂರು. ಇದನ್ನೆಲ್ಲ ಟಾರೆನ್ಸಿನಲ್ಲೂ ಮಾಡಿಸಿದ್ದೇವೆ. ಒಂದು ಮನೆಯಲ್ಲಿ ಮಾತ್ರ ಮಾಡಿದರೆ ಕೈ ಅಭ್ಯಾಸಬಲದಿಂದ ಇಲ್ಲದ ಸರಳನ್ನು ಹುಡುಕುತ್ತದೆ. ಪಂಚೆಯ ವಿಷಯದಲ್ಲಿ ಮಾತ್ರ ನಾವು ಸೋತೆವು. ಮೆಟ್ಟಿಲು ಹತ್ತುವಾಗ ಮಡಿಚಿ ಕಟ್ಟುತ್ತೇನೆ ಎಂಬುದಷ್ಟೇ ಅವರು ಕೊಟ್ಟ ರಿಯಾಯಿತಿ. ಓದುವುದಕ್ಕೂ ದೂರಕ್ಕೂ ಸೇರಿಸಿ ಮಾಡಿಸಿದ ಕನ್ನಡಕ ಹಾಕಿಕೊಂಡು ಇಳಿಯುವಾಗ ಮೆಟ್ಟಿಲು ಮಸುಕಾಗುತ್ತದೆ, ಅದನ್ನೂ ಗಮನಿಸಿ. ಲೆಗೋ ಚೂರುಗಳ ಬಗ್ಗೆ ನಿಮಗೆ ನಾನು ಹೇಳಬೇಕಿಲ್ಲ.

ಔಷಧಿಯಾಗಿ ವಾರಕ್ಕೊಂದು ಅಲೆಂಡ್ರೋನೇಟ್ ಮಾತ್ರೆ ಕೊಟ್ಟರು. ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನ ಜೊತೆ ನುಂಗಿ ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು, ಕುಡಿಯಬಾರದು. ಕಾಫಿಯೂ ಇಲ್ಲ. ಅರವತ್ತು ವರ್ಷದಿಂದ ಎದ್ದ ಕೂಡಲೇ ಫಿಲ್ಟರ್ ಕಾಫಿ ಕುಡಿದವರಿಗೆ ಮೂಳೆ ಮುರಿದದ್ದಕ್ಕಿಂತ ಇದೇ ದೊಡ್ಡ ಸುದ್ದಿ. ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಆ ಅರ್ಧ ಗಂಟೆ ಯಾರೂ ಡಿಕಾಕ್ಷನ್ ಹಾಕುವ ಹಾಗಿಲ್ಲ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಪ್ಪತ್ತು ದಾಟಿದವರಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಇರುತ್ತದೆ, ಒಂದು ಲೋಟ ಹಾಲಿನಲ್ಲಿ ಸುಮಾರು 300. ಆರ್ಟೀಸಿಯಾದ ಪಯೊನೀರ್ ಬೊಲೆವಾರ್ಡಿನಲ್ಲಿ ರಾಗಿ ಹಿಟ್ಟಿಗೆ ಬರವಿಲ್ಲ. ಆದರೆ ಒಬ್ಬರೇ ಇರುವ ಗಂಡಸರು ಮುದ್ದೆ ಬಿಟ್ಟು ಬ್ರೆಡ್ಡಿಗೆ ಇಳಿದಿರುತ್ತಾರೆ, ಬೇಳೆ ಮೊಸರು ಕಡಿಮೆಯಾಗಿ ಸ್ನಾಯುವೂ ಕರಗುತ್ತದೆ. ಕ್ಯಾಲಿಫೋರ್ನಿಯಾದ ಬಿಸಿಲಿದೆಯಲ್ಲ ಎಂದು ವಿಟಮಿನ್ ಡಿ ಮರೆಯಬೇಡಿ, ಮನೆಯೊಳಗೇ ಕೂತವರಿಗೆ ಬಿಸಿಲೆಲ್ಲಿ. ರಕ್ತ ಪರೀಕ್ಷೆಯಲ್ಲಿ ಕಡಿಮೆ ಇದ್ದರೆ ಡಾಕ್ಟರು ಹೇಳಿದಷ್ಟು ತೆಗೆದುಕೊಳ್ಳಲಿ. ಕೊರತೆ ಇಲ್ಲದವರು ಆ ಮಾತ್ರೆ ನುಂಗಿದ ಮಾತ್ರಕ್ಕೆ ಬೀಳುವುದು ತಪ್ಪುವುದಿಲ್ಲ, ವ್ಯಾಯಾಮದಿಂದ ತಪ್ಪುತ್ತದೆ.

ವ್ಯಾಯಾಮವೇ ನಮ್ಮ ಮನೆಯಲ್ಲಿ ಕನ್ನಡಕ್ಕೂ ಬಂದ ಲಾಭ. ಸಿಡಿಸಿಯ ಒಂದು ಸರಳ ಪರೀಕ್ಷೆ ಇದೆ. ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಕೂತು, ಎದೆಯ ಮೇಲೆ ಕೈ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಂದು ಎಣಿಸುವುದು. 75ರಿಂದ 79ರ ಗಂಡಸರು 11ಕ್ಕಿಂತ ಕಡಿಮೆ ಮಾಡಿದರೆ ಬೀಳುವ ಅಪಾಯವಿದೆ ಎಂದರ್ಥ. ಬೆನ್ನು ನೋವು ತಗ್ಗಿ, ಫಿಸಿಯೋಥೆರಪಿಸ್ಟ್ ಒಪ್ಪಿದ ಮೇಲೆ ನಾವು ಶುರು ಮಾಡಿದೆವು. ಎಣಿಸುವವನು ಮಗ, ಕನ್ನಡದಲ್ಲೇ. ಮೊದಲ ದಿನ ಏಳು. ಬೆನ್ನು ಬಗ್ಗಿಸುವ ಆಸನ ಬೇಡ ಎಂದಿದ್ದರಿಂದ ಮಾವನ ಸೂರ್ಯನಮಸ್ಕಾರ ನಿಂತಿತು, ಅವರಿಗೆ ಅದು ಬೇಸರವೇ. ಬದಲಿಗೆ ಅಡಿಗೆಮನೆಯ ಕಟ್ಟೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು, ಹಿಮ್ಮಡಿ ಎತ್ತುವುದು, ಹಗ್ಗದ ಮೇಲೆ ನಡೆದ ಹಾಗೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುವುದು. ಸಂಜೆ ಮಿರಾಮಾರ್ ಕೆರೆಯ ಸುತ್ತಿನ ಸಮತಟ್ಟಾದ ದಾರಿಯಲ್ಲಿ ಅರ್ಧ ಗಂಟೆ. ಇಲ್ಲಿನ ಕೌಂಟಿಯ 'ಏಜಿಂಗ್ ಅಂಡ್ ಇಂಡಿಪೆಂಡೆನ್ಸ್ ಸರ್ವೀಸಸ್' ಹಿರಿಯರಿಗೆ ವ್ಯಾಯಾಮ ತರಗತಿ ನಡೆಸುತ್ತದೆ. ಲಾಸ್ ಏಂಜಲೀಸಿನವರೂ 211ಕ್ಕೆ ಫೋನ್ ಮಾಡಿ ತಮ್ಮ ಹತ್ತಿರ ಏನಿದೆ ಎಂದು ಕೇಳಬಹುದು.

ಹತ್ತು ವಾರದಲ್ಲಿ ಏಳು ಹೋಗಿ ಹನ್ನೊಂದಾಯಿತು. ಅಷ್ಟರಲ್ಲಿ ಮಗನಿಗೂ ಹನ್ನೊಂದಕ್ಕೂ ಹನ್ನೆರಡಕ್ಕೂ ಇದ್ದ ಗೊಂದಲ ಹೋಯಿತು. ಒಂದು ದಿನ ಅವನು ಎಣಿಕೆಯಲ್ಲಿ ಒಂಬತ್ತನ್ನು ಬಿಟ್ಟು ಹತ್ತಕ್ಕೆ ಹಾರಿದಾಗ ತಾತ ತಾವೇ ನಿಲ್ಲಿಸಿ, "ಸುಳ್ಳು ಲೆಕ್ಕ ಬರೀಬೇಡ ಮರಿ" ಎಂದರು. ನಾನು ಏನೂ ಹೇಳದೆ ಒಳಗೆ ಹೋದೆ.

ಗುಟ್ಟಿನ ಬಗ್ಗೆ ಮಗನ ಜೊತೆ ಮಾತಾಡುವುದು ನನಗೆ ಇದೆಲ್ಲಕ್ಕಿಂತ ಕಷ್ಟವಾಯಿತು. ತಾತನ ಮಾತು ಮೀರಬಾರದು ಎಂದು ಕಲಿಸಿದವರು ನಾವೇ. "ಯಾರಾದರೂ ಬಿದ್ದರೆ ಅದು ಗುಟ್ಟಲ್ಲ, ಅದು ನ್ಯೂಸ್" ಎಂದೆ. ಅವನಿಗೆ ಬಗೆಹರಿಯಲಿಲ್ಲ, ಪ್ರಾಮಿಸ್ ಮಾಡಿದ್ದೆನಲ್ಲ ಎಂದು ಅತ್ತ. ಕೊನೆಗೆ ಮಾವನೇ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಆ ಪ್ರಾಮಿಸ್ ನಾನು ವಾಪಸ್ ತಗೊಂಡೆ" ಎಂದರು. ಹಾಸ್ಪಿಟಲಿಗೆ ಸೇರಿಸಿಬಿಡುತ್ತಾರೆ, ಊರಿಗೆ ಹೋಗಲು ಬಿಡುವುದಿಲ್ಲ, ನಿಮಗೆಲ್ಲ ಖರ್ಚು ಎಂದು ಹೆದರಿದ್ದೆ ಎಂದು ನನ್ನ ಗಂಡನ ಮುಂದೆ ಹೇಳಿದ್ದು ಅದೇ ರಾತ್ರಿ.

ಹೋದ ವಾರ ಟಾರೆನ್ಸಿನಿಂದ ವೀಡಿಯೊ ಕರೆ ಬಂತು. ಮಾವ ಎಂದಿನಂತೆ ಹವಾಮಾನ ಕೇಳಿದರು, ನಾನು ಏನು ಅಡಿಗೆ ಮಾಡಿದೆ ಎಂದು ಕೇಳಿದರು, ಆಮೇಲೆ "ಏನಮ್ಮ, ಇವತ್ತು ಬೆಳಿಗ್ಗೆ ಹಿತ್ತಲಲ್ಲಿ ಬಿದ್ದೆ" ಎಂದರು. ನಾನು ಬಾಯಿ ತೆರೆಯುವ ಮೊದಲೇ ಮಗ ಫೋನು ಕಸಿದುಕೊಂಡ.

"ತಾತ, ತಲೆಗೆ ಏಟಾಯ್ತಾ? ಎಲ್ಲಿ ನೋವು, ಬೆರಳಿಟ್ಟು ತೋರಿಸಿ. ಎದ್ದು ನಿಂತ್ಕೊಳ್ಳಿ ನೋಡೋಣ."

ತೋರಿಸಿ ಎಂದ, ನಿಂತ್ಕೊಳ್ಳಿ ಎಂದ. ಆ ಕಡೆ ಮಾವ ಮೊಬೈಲನ್ನು ಹೂಕುಂಡಕ್ಕೆ ಆನಿಸಿಟ್ಟು, ಕುರ್ಚಿಯಿಂದ ಕೈ ಊರದೆ ಎದ್ದು ನಿಂತರು.